ಅಡಕೆ ಮರದ ಅಡಿಯಲ್ಲಿ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಪಾಣೆಮಂಗಳೂರನ್ನು ದಾಟಿದ ಮೇಲೆ ಕಲ್ಲಡ್ಕ ಸಿಕ್ಕುತ್ತದೆ. ಬಸ್ಸಿನಲ್ಲಿ ಕುಳಿತ ಪಟ್ಟಣದ ಪ್ರವಾಸಿಗೆ ಈ ಊರಿನ ಗುರುತು ಎರಡೇ. ಒಂದು, ಗಾಜಿನ ಲೋಟದಲ್ಲಿ ಹಾಲೂ ಡಿಕಾಕ್ಷನ್ನೂ ಬೆರೆಯದೆ ಒಂದರ ಮೇಲೊಂದು ನಿಲ್ಲುವ ‘ಕೆ.ಟಿ.’ ಎಂಬ ಚಹಾ. ಇನ್ನೊಂದು, ರಸ್ತೆಯ ಆಚೀಚೆ ತಗ್ಗಿನಲ್ಲಿ ಕಾಣುವ ಅಡಕೆಯ ತೋಟ. ಚಹಾದಲ್ಲಿ ಪದರಗಳಿರುವುದನ್ನು ಎಲ್ಲರೂ ನೋಡುತ್ತಾರೆ. ತೋಟದಲ್ಲಿಯೂ ಪದರಗಳಿವೆಯೆಂಬುದನ್ನು ಗಮನಿಸುವವರು ಕಡಿಮೆ. ಅಡಕೆಯ ವಿಚಾರವಾಗಿ ಬರೆದವರಲ್ಲಿ ಬಹುಮಂದಿ ಮರದ ತುದಿಯ ಗೊನೆಯನ್ನೂ ಪೇಟೆಯ ಧಾರಣೆಯನ್ನೂ ನೋಡಿ ಬರೆದಿದ್ದಾರೆ. ಮರದ ಅಡಿಯಲ್ಲಿ ಏನಿತ್ತು, ಅದನ್ನು ಅಲ್ಲಿ ನೆಟ್ಟವರು ಯಾರು, ಬೇರೊಂದನ್ನು ಬಿಟ್ಟು ಅದನ್ನೇ ಏಕೆ ಆರಿಸಿದರು ಎಂಬ ಪ್ರಶ್ನೆಗಳನ್ನು ಕೇಳಿಕೊಂಡರೆ ನಮ್ಮ ಸೀಮೆಯ ಇತಿಹಾಸದ ಇನ್ನೊಂದು ಮುಖ ಕಾಣುತ್ತದೆ.

ಕಲ್ಲಡ್ಕವೆಂಬ ಹೆಸರೇ ತೋಟಕ್ಕೆ ವಿರುದ್ಧವಾದುದು. ‘ಅಡ್ಕ’ವೆಂದರೆ ತುಳುವಿನಲ್ಲಿ ಕಲ್ಲು ಹಾಸಿದಂತಿರುವ, ಉಳುಮೆಗೆ ಒದಗದ ಬಯಲು; ಮುರಕಲ್ಲಿನ ನೆಲ. ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಭೂಮಿ ಹೀಗೆಯೇ ಇದೆ: ಮೇಲೆ ಬೋಳು ಅಡ್ಕ, ಇಳಿಜಾರಿನಲ್ಲಿ ಸೊಪ್ಪಿನ ಕಾಡು, ತಗ್ಗಿನಲ್ಲಿ ನೀರು ನಿಲ್ಲುವ ಬೈಲು. ತೋಟ ಹುಟ್ಟಿದುದು ಬೈಲಿನ ಅಂಚಿನಲ್ಲಿ, ಇಳಿಜಾರಿನ ಬುಡದಲ್ಲಿ. ಮಳೆ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಸುರಿದರೂ ಅದರ ಬಹುಭಾಗ ನಾಲ್ಕು ತಿಂಗಳಲ್ಲೇ ಮುಗಿದುಹೋಗುತ್ತದೆ. ಅನಂತರ ಐದಾರು ತಿಂಗಳು ನೀರು ಹಾಯಿಸಿಯೇ ಮರ ಉಳಿಸಿಕೊಳ್ಳಬೇಕು. ತೋಡಿಗೆ ಕಟ್ಟ ಕಟ್ಟಿ, ಗುಡ್ಡಕ್ಕೆ ಸುರಂಗ ಕೊರೆದು, ಏತ ಹಾಕಿ ತಂದ ನೀರು ಅದು. ಇಷ್ಟು ಕಷ್ಟದಿಂದ ತಂದ ನೀರಿನಲ್ಲಿ ಅಡಕೆಯೊಂದನ್ನೇ ಬೆಳೆಯುವುದು ಯಾವ ಗೃಹಸ್ಥನಿಗಾದರೂ ದುಂದೆಂದೇ ತೋರಬೇಕು. ಮರದ ಅಡಿಯಲ್ಲಿ ಇನ್ನೊಂದು ಗಿಡ ಬಂದುದಕ್ಕೆ ಮೊದಲ ಕಾರಣ ಇದು.

ಆದರೆ ಇನ್ನೊಂದು ಗಿಡವನ್ನು ಆರಿಸುವಾಗ ಮರವೂ ತನ್ನ ಷರತ್ತುಗಳನ್ನು ಹೇಳುತ್ತದೆ. ಅಡಕೆಯನ್ನು ಸಾಮಾನ್ಯವಾಗಿ ಒಂಬತ್ತು ಅಡಿಗೊಂದರಂತೆ ನೆಡುತ್ತಾರೆ. ಸೋಗೆಗಳು ತುದಿಯಲ್ಲಿ ಮಾತ್ರ ಇರುವುದರಿಂದ ಅದರ ನೆರಳು ಮಾವಿನ ನೆರಳಿನಂತೆ ದಟ್ಟವಾದುದಲ್ಲ. ಹೊತ್ತು ಸರಿದಂತೆ ಸರಿಯುವ ನೆರಳು. ಬಿಸಿಲಿನ ಒಂದು ಪಾಲು ನೆಲಕ್ಕೆ ಬಿದ್ದೇ ಬೀಳುತ್ತದೆ. ಬೇರು ಬುಡದ ಸುತ್ತ ಗುಂಪಾಗಿರುವುದರಿಂದ ಸಾಲುಗಳ ನಡುವಿನ ಮಣ್ಣು ಬಹುಮಟ್ಟಿಗೆ ಬಿಡುವಾಗಿಯೇ ಇರುತ್ತದೆ. ಇವು ಅನುಕೂಲಗಳು. ಪ್ರತಿಕೂಲವೂ ಉಂಟು. ಸೋಗೆ ಮೇಲಿನಿಂದ ಹಾಳೆಸಹಿತ ಬಿದ್ದರೆ ಎಳೆಯ ಗಿಡದ ನೆತ್ತಿ ಮುರಿಯುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಸಿಂಪಡಿಸುವ ಬೋರ್ಡೊ ದ್ರಾವಣ ತೊಟ್ಟಿಕ್ಕುವುದೂ ಅಡಿಯ ಗಿಡದ ಮೇಲೆಯೇ.

ಎಲ್ಲಕ್ಕಿಂತ ಮುಖ್ಯವಾದ ಷರತ್ತು ಕೊಯ್ಲಿನದು. ಇದನ್ನು ಪುಸ್ತಕಗಳಲ್ಲಿ ಓದಿದ ನೆನಪು ನನಗಿಲ್ಲ. ತೋಟದಲ್ಲಿ ನಡೆದಾಡಿದರೆ ಮಾತ್ರ ತಿಳಿಯುವಂಥದು. ಘಟ್ಟದ ಮೇಲೆ, ಶಿರಸಿ, ತೀರ್ಥಹಳ್ಳಿಗಳ ಕಡೆ, ಎಳೆಯ ಅಡಕೆಯನ್ನು ಗೊನೆಯಾಗಿಯೇ ಇಳಿಸಿ, ಸುಲಿದು, ಬೇಯಿಸಿ, ಕೆಂಪಡಕೆ ಮಾಡುತ್ತಾರೆ. ನಮ್ಮಲ್ಲಿ ಹಣ್ಣಾಗುವವರೆಗೆ ಬಿಟ್ಟು, ಅಂಗಳದಲ್ಲಿ ಒಣಗಿಸಿ, ಚಾಲಿ ಮಾಡುತ್ತಾರೆ. ಹಣ್ಣಡಕೆ ಕೊಯ್ಲಿಗೆ ಮೊದಲೇ ಉದುರುವುದುಂಟು. ಕೊಯ್ಯುವಾಗ ಗೊನೆ ನೆಲಕ್ಕೆ ಬಡಿದು ಚೆಲ್ಲುವುದೂ ಉಂಟು. ಅದನ್ನು ಹೆಕ್ಕಬೇಕು. ಹೆಕ್ಕಬೇಕಾದರೆ ನೆಲ ಕಾಣಬೇಕು. ಆದುದರಿಂದ ಘಟ್ಟದ ಮೇಲಿನವರು ಏಲಕ್ಕಿಯ ಪೊದೆಗಳಿಂದ ನೆಲ ಮುಚ್ಚಿದರೂ ನಡೆಯಿತು. ಕರಾವಳಿಯವನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಅವನು ಮೇಲಕ್ಕೆ ಹತ್ತುವ ಬಳ್ಳಿಯನ್ನೋ ಅಲ್ಲಲ್ಲಿ ಒಂದೊಂದಾಗಿ ನಿಲ್ಲುವ ಗಿಡವನ್ನೋ ಆರಿಸಬೇಕಾಯಿತು. ಹವೆ ಬೇರೆಯೆಂಬುದೂ ನಿಜವೇ. ಏಲಕ್ಕಿ ತಂಪನ್ನು ಬಯಸುವ ಗಿಡ. ಆದರೆ ಒಂದೇ ಮರದ ಕೆಳಗೆ ಎರಡು ಸೀಮೆಗಳು ಎರಡು ಬಗೆಯ ತೋಟ ಕಟ್ಟಿದುದಕ್ಕೆ ಹವೆಯಷ್ಟೇ ಈ ಹೆಕ್ಕುವ ಕೆಲಸವೂ ಕಾರಣವೆಂದು ನನ್ನ ಎಣಿಕೆ.

ಮೇಲಕ್ಕೆ ಹತ್ತುವ ಬಳ್ಳಿಯೆಂದರೆ ಮೆಣಸು. ಅಡಿಯ ಗಿಡಗಳಲ್ಲಿ ಲಿಖಿತ ಇತಿಹಾಸವಿರುವುದು ಇದೊಂದಕ್ಕೇ. ಕಡಲಾಚೆಯವರಿಗೆ ಬೇಕಾದುದೂ ಇದೇ ತಾನೆ! ಮೊರಾಕ್ಕೋ ದೇಶದ ಇಬ್ನ್ ಬತೂತ ೧೩೪೨ರ ಸುಮಾರಿಗೆ ಈ ಕರಾವಳಿಯನ್ನು ಹಾದು ಮಂಗಳೂರಿಗೆ ಬಂದನು. ಇಲ್ಲಿ ಮೆಣಸೂ ಶುಂಠಿಯೂ ಹೇರಳವಾಗಿವೆಯೆಂದೂ, ಪಾರಸಿ ಮತ್ತು ಯೆಮನಿನ ವರ್ತಕರು ಇಲ್ಲಿಗೆ ಬಂದಿಳಿಯುತ್ತಾರೆಂದೂ ಆತ ಹೇಳಿದ್ದಾನೆ. ಮಲಬಾರಿನ ಮಾತಿನಲ್ಲಿ ಆತ ಕೊಡುವ ಇನ್ನೊಂದು ವಿವರ ನಮಗೆ ಹೆಚ್ಚು ಬೇಕಾದುದು. ಮೆಣಸಿನ ಬಳ್ಳಿ ದ್ರಾಕ್ಷಿಯ ಬಳ್ಳಿಯಂತಿದ್ದು, ಅದನ್ನು ತೆಂಗಿನ ಮರದ ಬುಡದಲ್ಲಿ ನೆಟ್ಟು ಮರಕ್ಕೆ ಹಬ್ಬಿಸುತ್ತಾರೆ. ಕೊಯ್ದ ಕಾಳನ್ನು ಚಾಪೆಯ ಮೇಲೆ ಬಿಸಿಲಿಗೆ ಒಣಹಾಕಿದಾಗ ಅದು ಕಪ್ಪಾಗುತ್ತದೆ. ಬೆಂಕಿಯಲ್ಲಿ ಹುರಿಯುವುದರಿಂದ ಕಪ್ಪಾಗುತ್ತದೆಂದು ತನ್ನ ದೇಶದವರು ತಿಳಿದಿರುವುದು ತಪ್ಪು ಎನ್ನುತ್ತಾನೆ. ಏಳು ಶತಮಾನ ಸಮೀಪಿಸುತ್ತಿದ್ದರೂ ನಮ್ಮ ಅಂಗಳಗಳಲ್ಲಿ ಮೆಣಸು ಒಣಗುವ ಬಗೆ ಬದಲಾಗಿಲ್ಲ. ಚಾಪೆಯ ಜಾಗದಲ್ಲಿ ಟಾರ್ಪಾಲು ಬಂದಿದೆ, ಅಷ್ಟೆ.

ಪೋರ್ಚುಗೀಸರು ೧೫೬೮ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ೧೬೨೩ರಲ್ಲಿ ಗೇರುಸೊಪ್ಪೆಯ ಮೂಲಕ ಇಕ್ಕೇರಿಗೆ ಹೋಗುವಾಗ ಅಲ್ಲಿಯ ಹಿಂದಿನ ರಾಣಿಗೆ ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂಬ ಹೆಸರಿಟ್ಟಿದ್ದರೆಂದು ಬರೆದನು. ಈ ಕಥೆ ವಾಚಕರಿಗೆ ಚೆನ್ನಾಗಿಯೇ ಗೊತ್ತಿದೆ, ವಿಸ್ತರಿಸಬೇಕಾದುದಿಲ್ಲ. ನಾನು ಹೇಳಬೇಕೆಂದಿರುವುದು ಅದೇ ಪೋರ್ಚುಗೀಸರು ನಮ್ಮ ಭಾಷೆಯಲ್ಲಿ ಬಿಟ್ಟುಹೋದ ಒಂದು ಗುರುತಿನ ವಿಚಾರ. ‘ಮೆಣಸು’ ಎಂಬ ಶಬ್ದ ಮೊದಲು ಈ ಬಳ್ಳಿಯ ಕಾಳಿಗೆ ಮಾತ್ರ ಸಲ್ಲುತ್ತಿತ್ತು. ಅಮೆರಿಕದಿಂದ ಅವರ ಹಡಗುಗಳಲ್ಲಿ ಬಂದ ಕೆಂಪು ಕಾಯಿ ಖಾರದಲ್ಲಿ ಇದನ್ನು ಮೀರಿಸಿ, ಅಡುಗೆಮನೆಯನ್ನು ಗೆದ್ದು, ಹೆಸರನ್ನೂ ಕಿತ್ತುಕೊಂಡಿತು. ಇಂದು ನಮ್ಮ ಜಿಲ್ಲೆಯಲ್ಲಿ ಬರಿದೆ ‘ಮೆಣಸು’ ಎಂದರೆ ಆ ಕಾಯಿಯೇ. ಹಳೆಯ ಒಡೆಯ ತನ್ನ ಹೆಸರಿಗೆ ಒಂದು ವಿಶೇಷಣ ಅಂಟಿಸಿಕೊಂಡು ‘ಒಳ್ಳೆಮೆಣಸು’ ಆಗಬೇಕಾಯಿತು. ತುಳುವಿನಲ್ಲಿಯೂ ಹಾಗೆಯೇ: ‘ಮುಂಚಿ’ ಹೊಸಬನಿಗೆ, ‘ಎಡ್ಡೆ ಮುಂಚಿ’ ಹಳಬನಿಗೆ. ‘ಎಡ್ಡೆ’ ಎಂದರೆ ಒಳ್ಳೆಯದು. ಎರಡು ಭಾಷೆಗಳವರೂ ಹೆಸರು ಕಳೆದುಕೊಂಡವನಿಗೆ ಒಳ್ಳೆಯವನೆಂಬ ಬಿರುದನ್ನಾದರೂ ಕೊಟ್ಟರಲ್ಲ ಎಂದು ಸಂತೋಷಪಡಬೇಕು.

ಮೆಣಸಿಗೂ ಅಡಕೆಗೂ ಒಳಗೊಳಗೇ ಒಂದು ವ್ಯಾಜ್ಯವಿತ್ತು. ಕಾಲಿಗೆ ತಳೆ ಸಿಕ್ಕಿಸಿ ಮರ ಏರುವವನಿಗೆ ಕಾಂಡದ ಸುತ್ತ ಬಳ್ಳಿ ಇದ್ದರೆ ಹಿಡಿತ ಸಿಕ್ಕದು, ಬಳ್ಳಿಯೂ ಹರಿಯುತ್ತದೆ. ಹಾಗೆಂದು ಅಡಕೆಯಲ್ಲಿ ಆಸ್ಥೆ ಇದ್ದವರು ಬಳ್ಳಿಯನ್ನು ಕೆಲವು ಮರಗಳಿಗೆ ಮಾತ್ರ ಬಿಡುತ್ತಿದ್ದರು, ಅಥವಾ ಅಂಚಿನ ಮಾವು, ಹಲಸು, ಹೊಂಗಾರೆಗಳಿಗೆ ಹತ್ತಿಸುತ್ತಿದ್ದರು. ಈಚೆಗೆ ನೆಲದಲ್ಲೇ ನಿಂತು ಗೊನೆ ಇಳಿಸುವ ಫೈಬರ್ ದೋಟಿ ಬಂದ ಮೇಲೆ ಈ ವ್ಯಾಜ್ಯ ರಾಜಿಯಾಗುತ್ತಿದೆ. ಮರ ಹತ್ತುವವರಿಲ್ಲವೆಂದು ತಂದ ಉಪಕರಣ ಮೆಣಸಿಗೆ ಮರವನ್ನು ಬಿಟ್ಟುಕೊಟ್ಟಿತು.

ಫ್ರಾನ್ಸಿಸ್ ಬುಕಾನನ್ ೧೮೦೧ರಲ್ಲಿ ನಮ್ಮ ಜಿಲ್ಲೆಗೆ ಬಂದನು. ಟಿಪ್ಪು ಸುಲ್ತಾನನು ಮಡಿದು ಎರಡು ವರ್ಷ ಕಳೆದಿರಲಿಲ್ಲ. ಹೊಸದಾಗಿ ಕೈಸೇರಿದ ನಾಡಿನಲ್ಲಿ ಏನೇನು ಬೆಳೆಯುತ್ತದೆಂದು ಕುಂಪಣಿಗೆ ವರದಿ ಮಾಡುವುದು ಆತನ ಕೆಲಸ. ಬೆಳ್ತಂಗಡಿ, ಮೂಡಬಿದಿರೆಗಳನ್ನು ಹಾದು ಉತ್ತರಕ್ಕೆ ಹೋಗಿ ಘಟ್ಟ ಹತ್ತಿದನು. ಸೋಂದೆಯ ಸೀಮೆಯ ತೋಟಗಳಲ್ಲಿ ಅಡಕೆ, ವೀಳ್ಯದೆಲೆ, ಮೆಣಸು, ಏಲಕ್ಕಿ, ಬಾಳೆಗಳು ಒಂದಾಗಿ ಬೆಳೆಯುವುದನ್ನು ಕಂಡು ಬರೆದನು. ೧೮೦೭ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಆತನ ಪ್ರವಾಸಗ್ರಂಥ ನಮ್ಮ ಕೃಷಿಯ ಇತಿಹಾಸಕ್ಕೆ ಅಮೂಲ್ಯವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ವರದಿಗಾರನ ಕಣ್ಣು ಕಂದಾಯದ ಕಣ್ಣು. ತೆರಿಗೆಗೂ ವ್ಯಾಪಾರಕ್ಕೂ ಒದಗದ ಗಿಡ ಅಂಥ ಕಣ್ಣಿಗೆ ಹುಲ್ಲಾಗಿಯೇ ಕಾಣುತ್ತದೆ.

ಹಾಗೆ ಹುಲ್ಲೆಂದು ಎಣಿಸಲ್ಪಟ್ಟ ಗಿಡಗಳ ಮಾತನ್ನು ಸ್ವಲ್ಪ ಆಡೋಣ. ತೋಟದಲ್ಲಿ ಮನೆಗೆ ಹತ್ತಿರವಾದ ಸಾಲುಗಳು ನಿಜವಾಗಿ ಅಡುಗೆಮನೆಯ ಮುಂದುವರಿದ ಭಾಗ. ಬಾಳೆ ಮೊದಲು ಬರುತ್ತದೆ. ಎಳೆಯ ಅಡಕೆ ಸಸಿಗೆ, ಅದರಲ್ಲಿಯೂ ತೆಂಕಣ-ಪಡುವಣ ಬಿಸಿಲಿಗೆ, ಬಾಳೆಯ ಮರೆ ಬೇಕು. ಸಸಿ ಬೆಳೆದು ಮರವಾಗುವವರೆಗೆ ಬಾಳೆ ಗೊನೆ ಕೊಡುತ್ತದೆ, ಊಟಕ್ಕೆ ಎಲೆ ಕೊಡುತ್ತದೆ, ದಿಂಡು ಪಲ್ಯವಾಗುತ್ತದೆ. ಕಣಿಯ ಅಂಚಿನ ತೇವದಲ್ಲಿ ಕೆಸು. ಆಟಿ ತಿಂಗಳಲ್ಲಿ ಅದರ ಎಲೆಯಿಂದ ಪತ್ರೊಡೆ. ನೆರಳಿನಲ್ಲಿ ಅರಸಿನ, ನಾಗರಪಂಚಮಿಯ ದಿನ ಅದರ ಎಲೆಯಲ್ಲಿ ಮಡಚಿ ಬೇಯಿಸಿದ ಕಡುಬು. ಸುವರ್ಣಗಡ್ಡೆ, ಶುಂಠಿ, ಕೂವೆ. ಯಾರೂ ನೆಡದೆ ತಾನಾಗಿ ಹಬ್ಬಿ ಚಟ್ನಿ, ತಂಬುಳಿಗಳಿಗೆ ಒದಗುವ ಒಂದೆಲಗ, ತುಳುವರ ತಿಮರೆ. ಇವನ್ನೆಲ್ಲ ಆರಿಸಿ ನೆಟ್ಟವರು ಮನೆಯ ಹೆಂಗಸರು. ಯಾವ ಗಿಡ ಎಷ್ಟು ನೆರಳಿಗೆ ತಾಳುತ್ತದೆ, ಯಾವುದನ್ನು ಎಲ್ಲಿಂದ ಎಲ್ಲಿಗೆ ಬದಲಾಯಿಸಬೇಕು ಎಂಬುದು ಅವರಿಗೆ ತಿಳಿದಿತ್ತು. ಅರಸಿನವನ್ನು ಕಿತ್ತ ಜಾಗದಲ್ಲಿ ಮರುವರ್ಷ ಅರಸಿನ ಹಾಕುವುದಿಲ್ಲ. ಕೆಸುವಿನ ಕೆಲವು ಜಾತಿ ಬಾಯಿ ತುರಿಸುತ್ತದೆ. ಯಾವುದೆಂಬುದು ಅತ್ತೆಯಿಂದ ಸೊಸೆಗೆ ಬರುವ ವಿದ್ಯೆ. ಅಡಕೆಯ ಲೆಕ್ಕದ ಪುಸ್ತಕ ಗಂಡಸರ ಕೈಯಲ್ಲಿತ್ತು. ಈ ಗಿಡಗಳ ಲೆಕ್ಕವನ್ನು ಯಾರೂ ಬರೆಯಲಿಲ್ಲ. ಬರೆಯದ್ದರಿಂದ ಇವುಗಳಿಗೆ ಇತಿಹಾಸವೇ ಇಲ್ಲವೆಂದು ನಾವು ಭಾವಿಸಿಬಿಟ್ಟೆವು.

ಇನ್ನೊಂದು ಸಂಗತಿಯಿದೆ, ಇದು ಸಸ್ಯಶಾಸ್ತ್ರಕ್ಕೆ ಸೇರಿದುದಲ್ಲ, ಕಾನೂನಿಗೆ ಸೇರಿದುದು. ಮರದ ಅಡಿಯಲ್ಲಿ ಏನು ನೆಡಬೇಕೆಂಬ ಪ್ರಶ್ನೆ, ಆ ನೆಲದಲ್ಲಿ ಎಷ್ಟು ಕಾಲ ಇರುತ್ತೇನೆಂಬ ನಂಬಿಕೆ ಇದ್ದವನಿಗೆ ಮಾತ್ರ ಬರುವ ಪ್ರಶ್ನೆ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆ. ಮೂಲಗೇಣಿಯವನ ಹಕ್ಕು ಶಾಶ್ವತ. ಚಾಲಗೇಣಿಯವನದು ವರ್ಷದಿಂದ ವರ್ಷಕ್ಕೆ ಒಡೆಯನ ಮರ್ಜಿ. ಗದ್ದೆಗಳಷ್ಟಲ್ಲದಿದ್ದರೂ ತೋಟಗಳೂ ಗೇಣಿಗೆ ಇದ್ದವು. ಮೆಣಸಿನ ಬಳ್ಳಿ ಸರಿಯಾಗಿ ಕಾಯಿ ಬಿಡಲು ಮೂರು ನಾಲ್ಕು ವರ್ಷ ಬೇಕು. ಮುಂದಿನ ವರ್ಷ ಇಲ್ಲಿರುತ್ತೇನೋ ಇಲ್ಲವೋ ಎಂಬ ಒಕ್ಕಲು ಅದನ್ನು ಏಕೆ ನೆಟ್ಟಾನು? ಆತ ನೆಟ್ಟುದು ಆರೇಳು ತಿಂಗಳಲ್ಲಿ ಕೈಗೆ ಬರುವ ಗಡ್ಡೆಗೆಣಸು, ಹೆಚ್ಚೆಂದರೆ ವರ್ಷದೊಳಗೆ ಗೊನೆ ಹಾಕುವ ಬಾಳೆ. ಹೀಗೆ ಒಂದೇ ಬೈಲಿನ ಎರಡು ತೋಟಗಳ ನೆಲವನ್ನು ನೋಡಿದವನು ಯಾರದು ಮೂಲ, ಯಾರದು ಚಾಲ ಎಂದು ಪತ್ರ ನೋಡದೆಯೇ ಊಹಿಸಬಹುದಾಗಿತ್ತು. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಈ ಸ್ಥಿತಿಯನ್ನು ಮುಗಿಸಿತು. ‘ಡಿಕ್ಲರೇಶನ್’ ಕೊಟ್ಟ ಗೇಣಿದಾರರು ಒಡೆಯರಾದರು. ನಮ್ಮ ಜಿಲ್ಲೆಯಲ್ಲಿ ಇದು ಉಂಟುಮಾಡಿದ ಬದಲಾವಣೆ, ಮನೆಮನೆಗಳಲ್ಲಿ ಉಳಿಸಿದ ನೋವು ನಲಿವುಗಳು ದೊಡ್ಡ ವಿಷಯ. ನಮ್ಮ ಪ್ರಕೃತಕ್ಕೆ ಇಷ್ಟು ಸಾಕು: ಬಹುವಾರ್ಷಿಕ ಗಿಡವನ್ನು ನೆಡುವ ಧೈರ್ಯ ಅನೇಕ ಕುಟುಂಬಗಳಿಗೆ ಮೊದಲ ಬಾರಿಗೆ ಬಂದುದು ಆಗಲೇ.

ಸರಿಯಾಗಿ ಅದೇ ಹೊತ್ತಿಗೆ ಒಂದು ಹೊಸ ಗಿಡ ಬಾಗಿಲಲ್ಲಿ ನಿಂತಿತ್ತು.

ಅದರ ಹಿನ್ನೆಲೆಯನ್ನು ಕಲ್ಲಡ್ಕಕ್ಕೆ ಹತ್ತಿರದ ವಿಟ್ಲದಿಂದ ಆರಂಭಿಸಬೇಕು. ಡೊಂಬ ಹೆಗ್ಗಡೆಯರ ಹಳೆಯ ರಾಜಧಾನಿಯಾದ ಈ ಊರಿನಲ್ಲಿ ೧೯೫೬ರಲ್ಲಿ ಕೇಂದ್ರೀಯ ಅಡಕೆ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ೧೯೪೯ರಲ್ಲಿ ರಚಿತವಾಗಿದ್ದ ಭಾರತೀಯ ಕೇಂದ್ರೀಯ ಅಡಕೆ ಸಮಿತಿಯ ಯೋಜನೆ ಅದು. ೧೯೭೦ರಲ್ಲಿ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾಲಯಕ್ಕೆ ಸೇರಿತು. ಅಲ್ಲಿನ ವಿಜ್ಞಾನಿಗಳು ಅಡಕೆಯ ತಳಿ, ರೋಗಗಳ ಜೊತೆಗೆ ಅಡಿಯ ಗಿಡಗಳನ್ನೂ ಪರೀಕ್ಷೆಗೆ ಹಚ್ಚಿದರು. ನೆಲಕ್ಕೆ ಬೀಳುವ ಬೆಳಕನ್ನು ಅಳೆದರು, ಬೇರಿನ ಹರವನ್ನು ಅಗೆದು ನೋಡಿದರು. ಅವರು ಪರೀಕ್ಷಿಸಿದ ಬೆಳೆಗಳ ಪಟ್ಟಿ ಕುತೂಹಲಕರವಾದುದು: ಬಾಳೆ, ಮೆಣಸು, ಸುವರ್ಣಗಡ್ಡೆ, ಶುಂಠಿ, ಅರಸಿನ, ಕೂವೆ, ಅನಾನಸು. ನಮ್ಮ ಅಜ್ಜಿಯಂದಿರು ಇದನ್ನು ಓದಬಲ್ಲವರಾಗಿದ್ದರೆ ‘ಇದಕ್ಕೆ ಇಷ್ಟು ಖರ್ಚೇ?’ ಎಂದು ನಗುತ್ತಿದ್ದರೋ ಏನೋ. ಆದರೆ ಪಟ್ಟಿಯಲ್ಲಿ ಅಜ್ಜಿಯಂದಿರಿಗೆ ತಿಳಿಯದಿದ್ದ ಒಂದು ಹೆಸರೂ ಇತ್ತು: ಕೊಕ್ಕೋ.

ಕೊಕ್ಕೋ ಅಮೆಜಾನಿನ ಮಳೆಕಾಡಿನ ಗಿಡ. ಅಲ್ಲಿಯೂ ಅದು ದೊಡ್ಡ ಮರಗಳ ಕೆಳಗೆಯೇ ಇರುವಂಥದು. ನೆರಳು ಅದಕ್ಕೆ ಹುಟ್ಟುಗುಣ. ಹೂವನ್ನು ಕೊಂಬೆಯ ತುದಿಯಲ್ಲಿ ಬಿಡದೆ ಹಲಸಿನಂತೆ ಕಾಂಡದ ಮೇಲೆಯೇ ಬಿಡುತ್ತದೆ. ಭಾರತಕ್ಕೆ ಅದು ಮೊದಲು ಬಂದುದು ೧೭೯೮ರಲ್ಲಿ, ತಮಿಳು ನಾಡಿನ ಕುತ್ತಾಲಕ್ಕೆ. ಅಲ್ಲಿಂದ ಮುಂದೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅದು ಕೌತುಕದ ಗಿಡವಾಗಿಯೇ ಉಳಿಯಿತು. ಚಾಕೊಲೇಟಿನ ಬೇಡಿಕೆ ಹೆಚ್ಚಿದಂತೆ ಕ್ಯಾಡ್ಬರಿ ಕಂಪೆನಿ ೧೯೬೫ರಿಂದ ಇಲ್ಲಿಯೇ ಕೊಕ್ಕೋ ಬೆಳೆಸುವ ಪ್ರಯತ್ನಕ್ಕೆ ಕೈಹಾಕಿತು. ವಿಟ್ಲದ ಪ್ರಯೋಗಗಳು ಹೇಳಿದುದೂ ರೈತನಿಗೆ ಪ್ರಿಯವಾದ ಮಾತೇ: ಅಡಕೆಯ ಎರಡು ಸಾಲಿಗೊಂದರಂತೆ ಕೊಕ್ಕೋ ಹಾಕಿದರೆ ಅಡಕೆಯ ಇಳುವರಿ ಇಳಿಯುವುದಿಲ್ಲ, ಉದುರುವ ಎಲೆ ಕೊಳೆತು ಗೊಬ್ಬರವೂ ಆಗುತ್ತದೆ. ಹೆಕ್ಕುವ ನೆಲಕ್ಕೆ ಎಲೆಯ ಹಾಸು ಅಡ್ಡಿಯೆಂದು ಗೊಣಗಿದವರು ಇದ್ದರು. ಆದರೆ ೧೯೭೦ರ ದಶಕದ ಆರಂಭದಲ್ಲಿ ಅಡಕೆಯ ಧಾರಣೆ ನೆಲ ಕಚ್ಚಿತ್ತು. ಗೊಣಗುವ ಕಾಲ ಅದಾಗಿರಲಿಲ್ಲ. ಆ ಕುಸಿತದ ಬೇಗೆಯಲ್ಲಿಯೇ ೧೯೭೩ರಲ್ಲಿ ಮಂಗಳೂರಿನಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಅಧ್ಯಕ್ಷತೆಯಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿ ಸಂಸ್ಥೆ ‘ಕ್ಯಾಂಪ್ಕೊ’ ಹುಟ್ಟಿತು. ಇಂದು ಅದರ ಪೂರ್ಣ ಹೆಸರಿನಲ್ಲಿ ಅಡಕೆಯ ಜೊತೆಗೆ ಕೊಕ್ಕೋ ಎಂಬ ಮಾತೂ ಇದೆ. ಆ ಮಾತು ಅಲ್ಲಿಗೆ ಬಂದುದು ಒಂದು ಸಂಕಟದ ಮೂಲಕ.

೧೯೭೭ರ ಸುಮಾರಿಗೆ ಜಗತ್ತಿನ ಪೇಟೆಯಲ್ಲಿ ಕೊಕ್ಕೋ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು. ನಮ್ಮ ತೋಟಗಳಿಗೂ ಅದರ ಬಿಸಿ ತಟ್ಟಿತು. ಹೊಸ ಒಡೆಯರು, ಹಳೆಯ ಒಡೆಯರು, ಎಲ್ಲರೂ ಸಸಿ ತಂದರು. ನೆಟ್ಟ ಗಿಡ ಫಸಲಿಗೆ ಬರುವ ಹೊತ್ತಿಗೆ, ಎಂದರೆ ೧೯೮೦ರ ಸುಮಾರಿಗೆ, ಧಾರಣೆ ಇಳಿಯಿತು. ಖರೀದಿ ಬಹುಮಟ್ಟಿಗೆ ನಿಂತಿತು. ಕೊಕ್ಕೋವಿನ ತೊಂದರೆಯೆಂದರೆ ಅದನ್ನು ಅಡಕೆಯಂತೆ ಒಣಗಿಸಿ ಅಟ್ಟದಲ್ಲಿ ತುಂಬಿ ಧಾರಣೆ ಬರಲೆಂದು ಕಾಯುವಂತಿಲ್ಲ. ಕಾಯಿ ಒಡೆದ ಮೇಲೆ ಆ ಲೋಳೆ ತುಂಬಿದ ಹಸಿ ಬೀಜವನ್ನು ಕೂಡಲೇ ಹುದುಗಿಗೆ ಇಡಬೇಕು. ಮಳೆಗಾಲದಲ್ಲಿ ಒಣಗಿಸುವುದಂತೂ ನಮ್ಮ ಊರಿನಲ್ಲಿ ಆಗದ ಮಾತು. ಅಡುಗೆಗೆ ಹಾಕೋಣವೆಂದರೆ ಅಜ್ಜಿಗೆ ಅದರ ಪಾಕ ತಿಳಿಯದು. ಮನೆಗೆ ಯಾವ ರೀತಿಯಿಂದಲೂ ಬೇಕಿಲ್ಲದ ಗಿಡವೊಂದು ಅಡಕೆಯ ಬುಡಕ್ಕೆ ಬಂದುದು ಅದೇ ಮೊದಲು. ಅರಸಿನಕ್ಕೆ ಧಾರಣೆ ಬೀಳದಿದ್ದರೆ ಕಡುಬಾದರೂ ಆಗುತ್ತಿತ್ತು. ಕೊಕ್ಕೋವನ್ನು ಅಳಿಲುಗಳು ತಿಂದವು. ಉಳಿದುದು ಗಿಡದಲ್ಲೇ ಕೊಳೆಯಿತು. ಅನೇಕರು ಗಿಡಗಳನ್ನು ಕಡಿದುಹಾಕಿದರು. ‘ನೆಡುವಾಗ ಸಸಿ ಎಣಿಸಿ ನೆಟ್ಟೆವು ಮಾಷ್ಟ್ರೇ, ಕಡಿಯುವಾಗ ಎಣಿಸಲಿಲ್ಲ’ ಎಂದು ವಿಟ್ಲದ ಕಡೆಯ ಹಿರಿಯರೊಬ್ಬರು ನನ್ನೊಡನೆ ಹೇಳಿದ್ದುಂಟು.

ಇಂಥ ಸಮಯದಲ್ಲಿ ಕ್ಯಾಂಪ್ಕೊ ಕೊಕ್ಕೋ ಖರೀದಿಗೆ ಇಳಿಯಿತು. ಕೊಂಡ ಬೀಜಕ್ಕೆ ದಾರಿ ಬೇಕಷ್ಟೆ. ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನು ಕಟ್ಟಿಸಿತು. ೧೯೮೬ರಲ್ಲಿ ಆಗಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗರು ಅದನ್ನು ಉದ್ಘಾಟಿಸಿದರು. ಯುರೋಪಿನ ತಿಂಡಿಯೊಂದನ್ನು ತಯಾರಿಸುವ ಕಾರ್ಖಾನೆ ಅಡಕೆ ಬೆಳೆಗಾರರ ಒಡೆತನದಲ್ಲಿ, ಮುರಕಲ್ಲಿನ ಗುಡ್ಡಗಳ ನಡುವೆ ಎದ್ದು ನಿಂತುದು ಸಾಮಾನ್ಯ ಸಂಗತಿಯಲ್ಲ. ಈ ಜಿಲ್ಲೆಯ ಸಹಕಾರಿ ಚಳವಳಿಯ ದೊಡ್ಡ ಸಾಧನೆಗಳಲ್ಲಿ ಅದೊಂದೆಂದು ನಾನು ಎಣಿಸುತ್ತೇನೆ. ಕಡಿಯದೆ ಉಳಿಸಿಕೊಂಡವರ ಗಿಡಗಳಿಗೆ ಅಂದಿನಿಂದ ಒಂದು ನಂಬಿಕೆಯ ಗಿರಾಕಿ ದೊರೆಯಿತು.

ಅನುಭವದಿಂದ ಮನುಷ್ಯ ಕಲಿಯುತ್ತಾನೆಂದು ಹೇಳುವವರು ವೆನಿಲ್ಲಾದ ಕಥೆಯನ್ನು ಓದಬೇಕು. ಇದು ಮೆಕ್ಸಿಕೊ ಕಡೆಯ ಬಳ್ಳಿ. ತನ್ನ ನಾಡನ್ನು ಬಿಟ್ಟರೆ ತಾನಾಗಿ ಕಾಯಿ ಕಚ್ಚುವುದಿಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ೧೮೪೧ರಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಕಡ್ಡಿಯಿಂದ ಹೂವಿನ ಪರದೆ ಸರಿಸಿ ಕೈಯಿಂದಲೇ ಪರಾಗ ಮುಟ್ಟಿಸುವ ಉಪಾಯವನ್ನು ಕಂಡುಹಿಡಿದನು. ಜಗತ್ತಿನ ವೆನಿಲ್ಲಾ ಕೃಷಿಯೆಲ್ಲ ನಿಂತಿರುವುದು ಆ ಹುಡುಗನ ಬೆರಳ ಚಳಕದ ಮೇಲೆ. ೨೦೦೦ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ಹಾಳಾದಾಗ ಇಲ್ಲಿ ಧಾರಣೆ ಏರತೊಡಗಿತು. ೨೦೦೩ರ ಹೊತ್ತಿಗೆ ಹಸಿ ಕೋಡಿಗೇ ಕಿಲೋವಿಗೆ ಸಾವಿರಗಳ ಲೆಕ್ಕ. ಅಡಕೆಯ ಸಾಲುಗಳ ನಡುವೆ ಗೊಬ್ಬರದ ಗಿಡದ ಗೂಟ ಊರಿ ಬಳ್ಳಿ ಹಬ್ಬಿಸಿದರು. ನಾನು ಆಗತಾನೇ ಎಂ.ಎ. ಮುಗಿಸಿದ್ದೆ. ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುವ ಹೂವುಗಳ ಮುಂದೆ ಕಡ್ಡಿ ಹಿಡಿದು ಸಾಲಾಗಿ ನಿಂತ ಮನೆಮಂದಿಯನ್ನು ಊರೂರಲ್ಲಿ ನೋಡಿದ್ದೇನೆ. ರಾತ್ರಿ ಟಾರ್ಚು ಹಿಡಿದು ತೋಟ ಕಾದವರನ್ನೂ ನೋಡಿದ್ದೇನೆ. ಅಡಕೆಗೆ ಸಹ ಅಂಥ ಕಾವಲು ಇರಲಿಲ್ಲ. ಮಡಗಾಸ್ಕರು ಚೇತರಿಸಿಕೊಂಡಿತು, ಎರಡು ಮೂರು ವರ್ಷಗಳಲ್ಲಿ ಇಲ್ಲಿ ಕೇಳುವವರಿಲ್ಲವಾಯಿತು. ಗೊಬ್ಬರದ ಗಿಡ ಮಾತ್ರ ಚಿಗುರಿಕೊಂಡು ನಿಂತಿತು; ಹೆಸರಿಗೆ ತಕ್ಕಂತೆ ಸೊಪ್ಪಾಗಿ ಅಡಕೆಯ ಬುಡ ಸೇರಿತು.

ಈಚಿನ ಕಾಲದಲ್ಲಿ ಅಡಿಯ ಗಿಡವನ್ನು ಆರಿಸುವುದರಲ್ಲಿ ನೀರು ಮತ್ತೆ ಮುಂದೆ ಬಂದಿದೆ. ಪಂಪುಸೆಟ್ಟೂ ತುಂತುರು ನೀರಾವರಿಯೂ ಬಂದಾಗ ಇಡೀ ನೆಲ ತೇವವಾಗುತ್ತಿತ್ತು. ಅರಸಿನ, ಕೆಸು, ಹುಲ್ಲು ಎಲ್ಲಕ್ಕೂ ಪಾಲು ಸಿಕ್ಕುತ್ತಿತ್ತು. ಕೊಳವೆಬಾವಿ ಆಳಕ್ಕಿಳಿದಂತೆ ಹನಿ ನೀರಾವರಿ ಬಂದಿತು. ಹನಿ ಬೀಳುವುದು ಮರದ ಬುಡಕ್ಕೆ. ಯಾವ ಗಿಡಕ್ಕೆ ಕೊಳವೆ ಎಳೆದಿದೆಯೋ ಅದು ಉಳಿಯಿತು, ಉಳಿದವು ಬೇಸಗೆಯಲ್ಲಿ ಒಣಗಿದವು. ಲೆಕ್ಕಕ್ಕೆ ಬಾರದ ಗಿಡಕ್ಕೆ ಕೊಳವೆ ಎಳೆಯುವವರು ಯಾರು? ಹಟ್ಟಿಯಲ್ಲಿ ದನವಿಲ್ಲದ ಮನೆಗೆ ತೋಟದ ಹುಲ್ಲೂ ಬೇಡ. ಯಂತ್ರದಿಂದ ಒಮ್ಮೆ ಸವರಿಬಿಟ್ಟರೆ ಹುಲ್ಲಿನೊಡನೆ ಒಂದೆಲಗವೂ ಹೋಯಿತು. ಪಟ್ಟಣದ ಅಂಗಡಿಯಲ್ಲಿ ಅದೇ ಒಂದೆಲಗ ಕಟ್ಟಿನ ಲೆಕ್ಕದಲ್ಲಿ ಮಾರಾಟವಾಗುತ್ತದೆಂದು ಕೇಳಿದಾಗ ನಗು ಬರುವುದಿಲ್ಲ.

ಇನ್ನು ಅಡಕೆಯದೇ ಸ್ಥಿತಿ. ಸುಳ್ಯದ ಕಡೆ ಹಳದಿರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಮಲೆನಾಡು, ಕರಾವಳಿಗಳಲ್ಲಿ ಹಬ್ಬಿತು. ಹಳದಿರೋಗಕ್ಕೆ ನೆಚ್ಚಬಹುದಾದ ಔಷಧವಿಲ್ಲ. ಆದುದರಿಂದ ಅಡಿಯಲ್ಲಿ ಏನು ನೆಡೋಣವೆಂಬ ಪ್ರಶ್ನೆಯ ಅರ್ಥವೇ ತಿರುಗಿದೆ. ಹಿಂದೆ ಅದು ಅಡಕೆಯ ಜೊತೆಗೆ ಮತ್ತೇನು ಎಂಬ ಪ್ರಶ್ನೆ. ಇಂದು ರೋಗ ತಟ್ಟಿದ ತೋಟದ ಯಜಮಾನ ಕೇಳುವುದು, ಮೇಲಿನ ಮರ ಹೋದ ಮೇಲೆ ನಿಲ್ಲುವುದು ಯಾವುದು ಎಂದು. ಅಡಿಯಲ್ಲಿದ್ದ ಗಿಡ ನಾಳೆ ತೋಟವೇ ಆಗಬೇಕಾದೀತು. ಜಾಯಿಕಾಯಿ ಹಾಕಿದವರಿದ್ದಾರೆ. ಘಟ್ಟದ ಮೇಲಿನ ರೊಬಸ್ಟಾ ಕಾಫಿಯನ್ನು ತಂದು ಬಂಟ್ವಾಳ, ಪುತ್ತೂರುಗಳ ತೋಟಗಳಲ್ಲಿ ನೆಟ್ಟವರೂ ಇದ್ದಾರೆ. ಕರಾವಳಿಯ ಸೆಕೆಯಲ್ಲಿ ಅದು ಎಷ್ಟು ಬಾಳುತ್ತದೆಂದು ನೋಡಬೇಕು. ಕಾಫಿಗೆ ನೆರಳು ಸಹ್ಯ, ಕಳ್ಳರ ಭಯ ಕಡಿಮೆ, ಒಣಗಿಸಿ ಅಟ್ಟಕ್ಕೆ ಹಾಕಬಹುದು ಎಂದು ಅವರು ಹೇಳುತ್ತಾರೆ. ಈ ಮೂರರಲ್ಲಿ ಕೊನೆಯ ಎರಡು ಕಾರಣಗಳನ್ನು ಅವರಿಗೆ ಕಲಿಸಿದುದು ವೆನಿಲ್ಲಾ ಮತ್ತು ಕೊಕ್ಕೋ.

ಕೊಕ್ಕೋ ಕೂಡ ಸುಮ್ಮನಿರಲಿಲ್ಲ. ಪಶ್ಚಿಮ ಆಫ್ರಿಕದ ಘಾನಾ, ಐವರಿ ಕೋಸ್ಟುಗಳಲ್ಲಿ ಬೆಳೆ ಕೆಟ್ಟು ೨೦೨೪ರಲ್ಲಿ ಅದರ ಧಾರಣೆ ಜಗತ್ತಿನ ಪೇಟೆಯಲ್ಲಿ ಟನ್ನಿಗೆ ಹತ್ತು ಸಾವಿರ ಡಾಲರುಗಳನ್ನು ದಾಟಿತು. ಮರುವರ್ಷ ಮತ್ತೆ ಇಳಿಯಿತು. ಏರಿದಾಗ ಸಸಿಗಾಗಿ ನರ್ಸರಿಗಳಲ್ಲಿ ಕೇಳಿದವರು ಬಹಳ ಮಂದಿ. ೧೯೮೦ರ ನೆನಪಿದ್ದ ಮುದುಕರು ಮಕ್ಕಳನ್ನು ತಡೆದ ಮನೆಗಳೂ ಇವೆ, ಮಕ್ಕಳೇ ಗೆದ್ದ ಮನೆಗಳೂ ಇವೆ. ಕಲ್ಲಡ್ಕದ ಆಸುಪಾಸಿನ ಒಂದು ತೋಟದಲ್ಲಿ, ಅಂದು ನೆಲಮಟ್ಟಕ್ಕೆ ಕಡಿದ ಕೊಕ್ಕೋವಿನ ಒಂದು ಬುಡ ಹಾಗೆಯೇ ಉಳಿದಿತ್ತು. ಕೊಕ್ಕೋ ಕಡಿದರೂ ಬುಡದಿಂದ ಚಿಗುರುವ ಜಾತಿ. ಅದರಿಂದ ಎದ್ದ ಮೂರು ಕಾಂಡಗಳು ಈಗ ಮರಗಳಾಗಿವೆ. ಯಾರೂ ನೀರು ಬಿಡದ, ಸವರದ ಆ ಮೂರರಲ್ಲೂ ೨೦೨೪ರಲ್ಲಿ ಕಾಯಿ ಹಿಡಿದಿತ್ತು. ಮನೆಯವರು ಅದನ್ನೂ ಒಡೆದು, ಉಳಿದ ಹಸಿ ಬೀಜದೊಡನೆ ಬಕೆಟ್ಟಿಗೆ ಹಾಕಿ ಖರೀದಿಯ ದಿನ ಕೊಟ್ಟುಬಂದರು.